ಪೇಪರ್ ಹರಿಯಬಾರದು

ಜೂನ್ 9, ಸೋಮವಾರ. ಬೆಳಿಗ್ಗೆ 8.10

ಮಾಲೂರು ಕರಾಟೆ ಕ್ಲಾಸಿಗೆ ಹದಿನಾಲ್ಕು ಜನ. ಇಬ್ಬರಿಗೆ ಜ್ವರ. ಓಟ, ಬಸ್ಕಿ, ನಿಂತಲ್ಲೇ ನೂರು ಪಂಚ್. ಆಮೇಲೆ ಪೇಪರ್.

ನಿನ್ನೆಯ ಪೇಪರಿನ ಮಾರುಕಟ್ಟೆ ಪುಟ – ಕೋಲಾರದ ಟೊಮೆಟೊ ದರ ಇರುವುದು – ಹಗ್ಗಕ್ಕೆ ಕ್ಲಿಪ್ ಹಾಕಿ ಮುಖದ ಎತ್ತರಕ್ಕೆ ನೇತುಹಾಕಿದೆ. ಪೂರ್ತಿ ವೇಗದಲ್ಲಿ ಪಂಚ್ ಬಿಡಬೇಕು, ಇನ್ನು ಒಂದು ಬೆರಳು ಅಂತರ ಇರುವಾಗ ಕೈ ನಿಲ್ಲಬೇಕು. ಗಾಳಿಗೆ ಪುಟ ಅಲುಗಾಡಬೇಕು, ಹರಿಯಬಾರದು. ಹತ್ತೊಂಬತ್ತು ವರ್ಷದ ಹಿಂದೆ ಕೋಲಾರದಲ್ಲಿ ಸೆನ್ಸೈ ಶ್ರೀಧರ್ ನನಗೆ ಕಲಿಸಿದ್ದು ಹೀಗೇ. ಈಗ ಅವರ ಕೈಕೆಳಗೆ ನಾನು ಶಿಕ್ಷಕಿ. ಹೀಗೇ ಕಲಿಸುತ್ತೇನೆ.

ಮೇಘನ ಐವತ್ತು ಪಂಚ್ ಬಿಟ್ಟಳು. ಒಂದೂ ಮುಟ್ಟಲಿಲ್ಲ. ಲಕ್ಕೂರಿನವಳು, ಇಪ್ಪತ್ತೊಂದು ವರ್ಷ, ಬ್ರೌನ್ ಬೆಲ್ಟ್. ಆರು ವರ್ಷದಿಂದ ಬರುತ್ತಿದ್ದಾಳೆ. ಆಗಸ್ಟ್ 10ಕ್ಕೆ ಬ್ಲ್ಯಾಕ್ ಬೆಲ್ಟ್ ಪರೀಕ್ಷೆ. ಸರ್ಟಿಫಿಕೇಟ್ ಕೊಟ್ಟರೆ ಅವಳ ಕಂಪನಿಯವರು ಪ್ರೊಡಕ್ಷನ್ ಲೈನಿನಿಂದ ತೆಗೆದು ಸೆಕ್ಯುರಿಟಿಗೆ ಹಾಕುತ್ತಾರಂತೆ. ಬೆಳಗಿನ ಪಾಳಿ, ಮಧ್ಯಾಹ್ನವೇ ಮನೆ.

ಜೂನ್ 11, ಬುಧವಾರ

ಮೇಘನ ಬಂದಿಲ್ಲ. ಫೋನ್ ಸ್ವಿಚ್ ಆಫ್. ಆರು ವರ್ಷದಲ್ಲಿ ತಪ್ಪಿಸಿದ್ದು ಅವಳ ಅಜ್ಜಿ ತೀರಿಕೊಂಡಾಗ ಮಾತ್ರ.

ಜೂನ್ 14, ಶನಿವಾರ

ಬಂದಳು. ಯೂನಿಫಾರ್ಮ್ ಇಲ್ಲ, ಚೂಡಿದಾರ್. ಎಡ ಹುಬ್ಬಿನ ಮೇಲೆ ಮೂರು ಹೊಲಿಗೆ. ಎಲ್ಲರೂ ಹೋಗುವವರೆಗೆ ಕಾದು ಹೇಳಿದಳು. ಹೇಳಿದಷ್ಟನ್ನೇ ಬರೆಯುತ್ತೇನೆ.

ಮಂಗಳವಾರ ಸಂಜೆ ಏಳು ಹತ್ತು. ಕಂಪನಿ ಬಸ್ಸು ಕ್ರಾಸಿನಲ್ಲಿ ಇಳಿಸಿತು. ಅಲ್ಲಿಂದ ಮನೆಗೆ ಒಂದು ಕಿಲೋಮೀಟರ್, ನೀಲಗಿರಿ ತೋಪಿನ ಪಕ್ಕ. ಊರಿನವನೇ ಒಬ್ಬ ಬೈಕ್ ಅಡ್ಡ ನಿಲ್ಲಿಸಿದ. ಕೈ ಹಿಡಿದ. ಇವಳು ಬಿಡಿಸಿಕೊಂಡು, ಕಾಲು ಸರಿಯಾಗಿ ಊರಿ, ಮೂಗಿಗೆ ಪಂಚ್ ಬಿಟ್ಟಳು.

"ಕೈ ನಿಂತೋಯ್ತು ಮ್ಯಾಮ್."

"ಹೆದರಿಕೆಗಾ?"

"ಹೆದರಿಕೆ ಇರ್ಲಿಲ್ಲ. ಚೆನ್ನಾಗೇ ಬಿಟ್ಟೆ. ಒಂದು ಬೆರಳು ಇರೋವಾಗ ತಾನಾಗೇ ನಿಂತೋಯ್ತು. ಅವನು ಕಣ್ಮುಚ್ಕೊಂಡಿದ್ದ. ಕಣ್ ಬಿಟ್ಟು ನೋಡ್ದ. ನಕ್ಕ. ಆಮೇಲೆ ಅವನು ಹೊಡ್ದ."

ಅವನ ಕೈ ನಿಲ್ಲಲಿಲ್ಲ. ಹಿಂದೆ ಹಾಲಿನ ವ್ಯಾನ್ ಬಂತು. ಅಷ್ಟರಿಂದ ಬಚಾವು.

ಸ್ಟೇಷನ್ನಿಗೆ ಜೊತೆಯಲ್ಲಿ ಬರುತ್ತೇನೆ ಎಂದೆ.

"ಬೇಡ ಮ್ಯಾಮ್. ಕಂಪ್ಲೇಂಟ್ ಕೊಟ್ರೆ ಮನೇಲಿ ಕೆಲಸ ಬಿಡಿಸ್ತಾರೆ. ಒಂದೇ ಊರು, ಮದುವೆ ಆಗೋ ಹುಡುಗಿ ಅಂತ ಈಗ್ಲೇ ಶುರು ಮಾಡಿದಾರೆ. ನೀವು ಹೊಡೆಯೋದು ಹೇಳ್ಕೊಡಿ, ಸಾಕು."

ಆರು ವರ್ಷದಿಂದ ಅದನ್ನೇ ಹೇಳಿಕೊಡುತ್ತಿದ್ದೇನೆ ಎಂದುಕೊಂಡಿದ್ದೆ.

ಜೂನ್ 15, ಭಾನುವಾರ

ನಮ್ಮ ಮನೆಯವರು ಡ್ಯೂಟಿಗೆ ಹೋದ ಮೇಲೆ ಬಟ್ಟೆ ಒಣಹಾಕುವ ತಂತಿಗೆ ಇವತ್ತಿನ ಪೇಪರ್ ಸಿಕ್ಕಿಸಿದೆ. ಹರಿಯಬೇಕು ಎಂದು ಬಾಯಿಬಿಟ್ಟು ಹೇಳಿಕೊಂಡು ಪಂಚ್ ಬಿಟ್ಟೆ. ನಿಂತಿತು. ಹತ್ತು ಸಲ ಬಿಟ್ಟೆ. ಹತ್ತು ಸಲವೂ. ಹನ್ನೊಂದನೆಯ ಸಲ ನಿಧಾನವಾಗಿ ತಳ್ಳಿದೆ, ಮುಟ್ಟಿತು. ವೇಗ ಬಂದರೆ ಮೊಣಕೈ ತಾನೇ ಬ್ರೇಕ್ ಹಾಕುತ್ತದೆ. ನನ್ನನ್ನು ಕೇಳುವುದಿಲ್ಲ.

ಆಮೇಲೆ ಪುಟ ತೆಗೆದು ಓದಿದೆ. ಲಕ್ಕೂರಿನ ಸುದ್ದಿ ಏನೂ ಇಲ್ಲ. ಇರುವುದಾದರೂ ಹೇಗೆ.

ಜೂನ್ 18, ಬುಧವಾರ. ಸಂಜೆ

ಕೋಲಾರಕ್ಕೆ ಹೋಗಿ ಬಂದೆ. ಸೆನ್ಸೈ ಪೂರ್ತಿ ಕೇಳಿದರು.

"ಪ್ಯಾಡ್ ತರಿಸೋಣ ಸೆನ್ಸೈ. ವಾರಕ್ಕೊಂದು ದಿನ ಮುಟ್ಟಿ ಹೊಡೆಯೋದು ಮಾಡಿಸ್ತೀನಿ."

"ಮುಟ್ಟಿ ಹೊಡೆಯೋ ಶೈಲಿ ಬೇಕಾದಷ್ಟಿವೆಯಮ್ಮ. ಬೆಂಗಳೂರಲ್ಲಿ ರೋಡಿಗೊಂದು. ನಮ್ದು ಅದಲ್ಲ."

"ಹುಬ್ಬಿಗೆ ಮೂರು ಹೊಲಿಗೆ…"

"ನನಗೂ ಹೊಟ್ಟೆ ಉರೀತಿದೆ. ಬಾ ಇಲ್ಲಿ."

ಮೇಜಿನ ಗಾಜಿನ ಕೆಳಗೆ ಒಂದು ಹಳೆಯ ಗ್ರೂಪ್ ಫೋಟೊ. ಎರಡನೇ ಸಾಲಿನಲ್ಲಿ ಒಬ್ಬನ ಮೇಲೆ ಬೆರಳಿಟ್ಟರು. ಆಗ ಅವನಿಗೆ ಹದಿನಾರು ವರ್ಷವಂತೆ.

"ಇವನ ಬಲಗಣ್ಣು ಹೋಗಿದ್ದು ನನ್ನ ಪಂಚ್‌ಗೆ. ಜಗಳ ಅಲ್ಲ, ಕೋಪ ಅಲ್ಲ, ಪ್ರಾಕ್ಟೀಸು. ಆಗ ನಾವೂ ಮುಟ್ಟೇ ಹೊಡೀತಿದ್ವಿ. ಮಾರನೇ ದಿನ ಪೇಪರ್ ನೇತು ಹಾಕ್ದೆ. ಇಪ್ಪತ್ನಾಲ್ಕು ವರ್ಷ ಆಯ್ತು, ನನ್ನ ಹತ್ರ ಕಲ್ತ ಒಂದು ಮಗುಗೂ ಏಟು ಬಿದ್ದಿಲ್ಲ. ನಿನಗೆ ಬಿದ್ದಿದೆಯಾ?"

ಬಿದ್ದಿಲ್ಲ. ಅದು ನಿಜ.

ನಾನು ಸಹಿ ಮಾಡಿದ ಕರಾರು ತೆಗೆದು ನನ್ನಿಂದಲೇ ಓದಿಸಿದರು. ಮೂರನೇ ಕಲಂ: ಬೇರೆ ಪದ್ಧತಿಯ ಅಭ್ಯಾಸ ಮಾಡಿಸಿದರೆ ಶಿಕ್ಷಕರ ಮಾನ್ಯತೆ ರದ್ದು, ಅವರ ವಿದ್ಯಾರ್ಥಿಗಳ ಬೆಲ್ಟ್‌ಗಳೂ ರದ್ದು.

"ಪರೀಕ್ಷೆಯಲ್ಲಿ ಅವಳಿಗೆ ಎದುರಾಳಿ ನೀನೇ. ಮೂರು ನಿಮಿಷ. ಮುಟ್ಟಿದ್ರೆ ಫೇಲು, ಗೊತ್ತಲ್ಲ. ಚೆನ್ನಾಗಿ ರೆಡಿ ಮಾಡು. ಸರ್ಟಿಫಿಕೇಟ್ ಬಂದ್ರೆ ಆ ಸಂಜೆ ದಾರಿನೇ ತಪ್ಪುತ್ತಲ್ಲ ಅವಳಿಗೆ."

ಅದೂ ನಿಜ. ಮುಂದಿನ ಪರೀಕ್ಷೆ ಫೆಬ್ರವರಿಗೆ. ಕಂಪನಿಯವರು ಆಗಸ್ಟ್ ಕೊನೆಗೇ ಜನ ತುಂಬಿಕೊಳ್ಳುತ್ತಾರೆ.

ಇವತ್ತಿನಿಂದ ಪರೀಕ್ಷೆಗೆ ಐವತ್ಮೂರು ದಿನ. ಅಷ್ಟು ದಿನ ಅವಳು ಅದೇ ಕ್ರಾಸಿನಲ್ಲಿ ಇಳಿಯಬೇಕು.

ಜೂನ್ 22, ಭಾನುವಾರ

ಮುಳಬಾಗಿಲು. ಅಪ್ಪ ಗರಡಿಯಲ್ಲೇ ಇದ್ದರು. ಕದಿರಪ್ಪ ವಸ್ತಾದ್ ಎಂದರೆ ಈಗಲೂ ಆಟೋದವರಿಗೆ ಗೊತ್ತು. ಎಪ್ಪತ್ನಾಲ್ಕು ವರ್ಷ. ಸಾಮು ಮಾಡಲು ಬರುವವರು ಮಾತ್ರ ಆರು ಜನ. ಇಬ್ಬರು ಕೆಮ್ಮಣ್ಣಿನ ಮಟ್ಟಿಯಲ್ಲಿ ಕುಸ್ತಿ ಹಿಡಿದಿದ್ದರು.

ನಾನು ಹೊಸ್ತಿಲಿನ ಹೊರಗೆ ನಿಂತೆ. ಚಿಕ್ಕಂದಿನಿಂದ ನಿಂತ ಜಾಗ. ಹೆಂಗಸರು ಆ ಮಣ್ಣು ತುಳಿಯುವಂತಿಲ್ಲ. ಅದಕ್ಕೇ ಕರಾಟೆಗೆ ಹೋದದ್ದು. ಅಲ್ಲಿ ಸೇರಿಸಿಕೊಂಡರು.

"ರಾ ತಲ್ಲೀ," ಎಂದು ತೆಲುಗಿನಲ್ಲಿ ಕರೆಯುತ್ತ ಅಪ್ಪ ಹೊರಗೆ ಬಂದರು. ಜಗಲಿಯ ಮೇಲೆ ಕೂತು ಎಲ್ಲ ಹೇಳಿದೆ.

"ನಿಮ್ಮದು ಗಾಳಿ ಗುದ್ದೋ ವಿದ್ಯೆ ಅಂತ ಆವತ್ತೇ ಹೇಳಿದ್ದೆ ಕದಮ್ಮಾ."

"ನೀವು ಗುದ್ದೋದೇ ಇಲ್ಲವಲ್ಲಪ್ಪ."

"ಗುದ್ದಲ್ಲ, ಹಿಡೀತೀವಿ. ಹಿಡಿದ ಮೇಲೆ ಅರ್ಧಂಬರ್ಧ ಇಲ್ಲ. ಎದುರಿಗಿರೋನಿಗೆ ನೋವಾಗಬಾರ್ದು ಅಂತ ನಿಮ್ಮವರು ಕೈ ನಿಲ್ಲಿಸ್ತಾರೆ. ನಾವು ನೆಲ ಮೆತ್ತಗೆ ಮಾಡ್ತೀವಿ. ಅಗೆದು, ಎಣ್ಣೆ ಹಾಕಿ, ಮಜ್ಜಿಗೆ ಹಾಕಿ, ಅರಿಶಿನ ಹಾಕಿ. ಬೀಳೋನು ಬೀಳ್ಲಿ."

ಇಲ್ಲಿ ಬೆನ್ನು ನೆಲ ಮುಟ್ಟಿದರೆ ಸೋಲು. ಅಲ್ಲಿ ಕೈ ಮುಟ್ಟಿದರೆ ಸೋಲು. ಎರಡೂ ಕಡೆ ಏಟಾಗಬಾರದು ಎಂಬುದೇ ಯೋಚನೆ.

"ಹಾಗಾದ್ರೆ ಒಳಗೆ ಕರ್ಕೊಂಡು ಕಲಿಸಿ. ನನಗೂ, ಆ ಹುಡುಗಿಗೂ."

ಅಪ್ಪ ಬಾಗಿಲಿನೊಳಗೆ ಆಂಜನೇಯನ ಪಟದ ಕಡೆ ನೋಡಿದರು. "ಅದೊಂದು ಕೇಳಬ್ಯಾಡ."

ಮನೆಯಲ್ಲಿ ಅಮ್ಮ ಮುದ್ದೆ ಬಡಿಸುತ್ತಾ ಹೇಳಿದಳು: "ಇವತ್ತು ಕೇಳ್ದೆಯಾ ನೀನು? ಮದುವೆಯಾಗಿ ಬಂದಾಗಿಂದ ಆ ಮಣ್ಣಿಗೆ ಮಜ್ಜಿಗೆ ಕಡೆದು ಕಳಿಸ್ತಾ ಇದೀನಿ ಕಣೇ. ಕಾಲಿಟ್ಟಿಲ್ಲ. ಮಜ್ಜಿಗೆ ಹೋಗ್ಬೋದು, ಈ ಅಂಜಮ್ಮ ಹೋಗೋ ಹಾಗಿಲ್ಲ." ಅಪ್ಪ ತಲೆ ಎತ್ತದೆ ಉಂಡರು.

ಜುಲೈ 9, ಬುಧವಾರ

ಹದಿನೇಳು ದಿನ ಬರೆದಿಲ್ಲ. ಬದಲಾದದ್ದು ಏನೂ ಇರಲಿಲ್ಲ.

ಮೇಘನಳ ಅಣ್ಣ ನಾಲ್ಕು ದಿನ ಕ್ರಾಸಿಗೆ ಬಂದು ಕರೆದುಕೊಂಡು ಹೋದ. ಆಮೇಲೆ ಅವನಿಗೇ ಶಿಫ್ಟ್. ನಾನು ಎರಡು ಸಂಜೆ ಸ್ಕೂಟರಿನಲ್ಲಿ ಹೋಗಿ ಕಾದೆ. ಆ ಎರಡೂ ದಿನ ಆ ಬೈಕಿನವನು ಇರಲಿಲ್ಲ. ಮಿಕ್ಕ ದಿನ ಇರುತ್ತಾನೆ.

"ಏನು ಮಾಡ್ತಾನೆ?"

"ಏನೂ ಮಾಡಲ್ಲ. ಹತ್ರ ಬಂದು ಮುಖ ಮುಂದೆ ಮಾಡ್ತಾನೆ. 'ಹೊಡಿಯೇ ಕರಾಟೆ, ಹೊಡಿ' ಅಂತಾನೆ. ಮುಟ್ಟಲ್ಲ. ಒಂದು ಬೆರಳು ದೂರದಲ್ಲೇ ನಿಲ್ತಾನೆ ಮ್ಯಾಮ್, ನಮ್ಮ ಹಾಗೇ."

ಇವತ್ತೂ ಪೇಪರ್ ನೇತುಹಾಕಿದೆ. ಇವತ್ತೂ "ಕೈ ನಿಲ್ಲಿಸಿ" ಎಂದು ಕೂಗಿದೆ. ಹದಿನಾಲ್ಕು ಕೈ ನಿಂತವು. ಎಲ್ಲರ ಮನೆ ದಾರಿಯೂ ಕಣ್ಣ ಮುಂದೆ ಬಂತು.

ಜುಲೈ 30, ಬುಧವಾರ

ಬೆಳಿಗ್ಗೆ ಆರಕ್ಕೇ ಅಪ್ಪನ ಫೋನ್.

"ನಿನ್ನೆ ಪಂಚಮಿ ಪೂಜೆ ಆಯ್ತು. ಮಟ್ಟಿಗೆ ಹೊಸ ಮಣ್ಣು ಹಾಕಿದ್ವಿ. ಹಳೇದು ಎರಡು ಟ್ರ್ಯಾಕ್ಟರ್, ತಾಯಲೂರು ರಸ್ತೆ ಹೊಲಕ್ಕೆ ಸುರಿಸಿದೀನಿ."

"ಪ್ರತಿ ವರ್ಷ ಸುರಿಸ್ತೀರಲ್ಲಪ್ಪ."

"ಸುರಿಸ್ತೀನಿ. ಈ ಸಲ ಹಿಪ್ಪುನೇರಳೆ ಪಕ್ಕ ಹರಡಿ ಹದ ಮಾಡಿದೀನಿ. ಒಂದು ಮೊಳ ದಪ್ಪ." ಆಮೇಲೆ ದನಿ ತಗ್ಗಿಸಿದರು. "ಹೊಲಕ್ಕೆ ಹೆಂಗಸರು ಬರಬಾರ್ದು ಅಂತ ಯಾರೂ ಹೇಳಿಲ್ಲ ಕದಾ."

ಆಗಸ್ಟ್ 3, ಭಾನುವಾರ

ನಿನ್ನೆ, ಇವತ್ತು, ಎರಡು ದಿನ ಹೊಲದಲ್ಲಿ. ಮೇಘನ ಶನಿವಾರ ರಜೆ ಹಾಕಿದ್ದಳು. ಮಣ್ಣಿಗೆ ಇನ್ನೂ ಎಣ್ಣೆ ವಾಸನೆ. ತುಳಿದ ತಕ್ಷಣ ಕಾಲು ಹಿಂದಕ್ಕೆ ಎಳೆದುಕೊಂಡೆ. ಅಭ್ಯಾಸ. ಬದುವಿನ ಮೇಲೆ ಕೂತಿದ್ದ ಅಮ್ಮ ನೋಡುತ್ತಿದ್ದಳು. ಮತ್ತೆ ಇಟ್ಟೆ.

ಕರಾರಿನ ಮೂರನೇ ಕಲಂ ನೆನಪಿದೆ. ತಿಳಿದೇ ಮಾಡಿದ್ದು.

ಒಂದೇ ಪಟ್ಟು. ಮಣಿಕಟ್ಟು ಹಿಡಿದವನನ್ನು ಬಿಡಿಸಿಕೊಳ್ಳದೆ ಒಳಗೆ ಎಳೆದುಕೊಂಡು, ಭುಜ ಕೊಟ್ಟು ಎತ್ತಿ ಹಾಕುವುದು. ಮೇಘನ ಮೊದಲ ಮೂರು ಸಲ ನನ್ನನ್ನು ಎತ್ತಿ ಮೆಲ್ಲಗೆ ಇಳಿಸಿದಳು.

"ಏನ್ ತಲ್ಲೀ, ಮಗೂನ ತೊಟ್ಟಿಲಿಗೆ ಹಾಕ್ತಾ ಇದೀಯಾ?" ಎಂದರು ಅಪ್ಪ. ಅಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು.

ನಾಲ್ಕನೆಯ ಸಲ ಸರಿಯಾಗಿ ಹಾಕಿದಳು. ಉಸಿರು ಹೋಯಿತು. ಏಟಾಗಲಿಲ್ಲ. ಎರಡು ದಿನದಲ್ಲಿ ಒಟ್ಟು ಎಪ್ಪತ್ತು ಸಲ ಬಿದ್ದೆ. ಕೊನೆಗೆ ಸೊಪ್ಪು ತುಂಬಿದ ಚೀಲಕ್ಕೆ ಪಂಚ್ ಬಿಡು ಎಂದೆ. ಬಿಟ್ಟಳು. ಮುಷ್ಟಿ ಮಣಿಕಟ್ಟಿನವರೆಗೆ ಹೋಯಿತು. ತಾನೇ ಕೈ ತೆಗೆದು ನೋಡಿಕೊಂಡಳು.

ನಾನೂ ಬಿಟ್ಟೆ. ಚೀಲದ ಮುಂದೆ ನಿಂತಿತು. ಅಪ್ಪ ನೋಡಿದರು.

ಆಗಸ್ಟ್ 6, ಬುಧವಾರ

ಇವತ್ತು ಪೇಪರ್ ಹರಿಯಿತು. ಮೇಘನಳ ಮೊದಲ ಪಂಚ್‌ಗೇ, ನಡುವೆ, ಮುಷ್ಟಿಯಗಲ. ಹರಿದವರು ಆ ದಿನ ಸಾಲಿನಿಂದ ಹೊರಗೆ. ನನ್ನದೇ ನಿಯಮ. ಗೋಡೆಯ ಹತ್ತಿರ ನಿಲ್ಲು ಎಂದೆ. "ಸಾರಿ ಮ್ಯಾಮ್" ಎಂದಳು. ಮುಖದಲ್ಲಿ ಸಾರಿ ಇರಲಿಲ್ಲ.

ಆಮೇಲೆ ಇಬ್ಬರೇ ಇದ್ದಾಗ ಹೇಳಿದೆ. "ನಾಲ್ಕು ದಿನ ಇದೆ. ಮತ್ತೆ ನಿಲ್ಲಿಸೋದು ಕಲೀಬೇಕು."

"ಮತ್ತೆ ಕಲಿತ್ರೆ ಕ್ರಾಸಲ್ಲಿ?"

"ಬೆಲ್ಟ್ ಬಂದ್ರೆ ಕ್ರಾಸೇ ಇರಲ್ಲ."

"ಬರೋವರೆಗೆ ಇರುತ್ತಲ್ಲ ಮ್ಯಾಮ್."

ಹರಿದ ಪುಟ ಮಡಿಸಿ ಈ ಡೈರಿಯಲ್ಲಿ ಇಟ್ಟಿದ್ದೇನೆ.

ಆಗಸ್ಟ್ 8, ಶುಕ್ರವಾರ

ವರಮಹಾಲಕ್ಷ್ಮಿ. ಅಭ್ಯಾಸಕ್ಕೆ ಬಾ ಎಂದಿದ್ದೆ, ಮನೆಯಲ್ಲಿ ಬಿಡಲಿಲ್ಲವಂತೆ. ಒಂದು ದಿನ ಹೋಯಿತು.

ಆಗಸ್ಟ್ 9, ಶನಿವಾರ

ಇಪ್ಪತ್ತು ಹಾಳೆ. ಏಳು ಹರಿದವು. ಹದಿಮೂರು ಉಳಿದವು. ಯಾವುದು ಹರಿಯುತ್ತದೆ ಎಂದು ಅವಳಿಗೂ ಗೊತ್ತಾಗುತ್ತಿಲ್ಲ. ಗಮನಿಸಿದೆ – ನಾನು ಕೈ ಹಿಡಿದಾಗ ಮಾತ್ರ ಹರಿಯುತ್ತದೆ. ಸುಮ್ಮನೆ ನಿಂತರೆ ನಿಲ್ಲಿಸುತ್ತಾಳೆ.

ನಾಳೆ ಅವಳ ಕೈ ಹಿಡಿಯಬಾರದು. ಅಷ್ಟೇ.

ಆಗಸ್ಟ್ 10, ಭಾನುವಾರ. ಮಧ್ಯಾಹ್ನ 1.20. ಕೋಲಾರ, ಸೆನ್ಸೈ ರೂಮು

ಹೊರಗೆ ಊಟಕ್ಕೆ ಎಲೆ ಹಾಕುತ್ತಿದ್ದಾರೆ. ಬೇಗ ಬರೆಯುತ್ತೇನೆ.

ಮೊದಲ ಎರಡು ನಿಮಿಷ ಚೆನ್ನಾಗಿತ್ತು. ಒಂದೂ ಮುಟ್ಟಲಿಲ್ಲ. ಸೆನ್ಸೈ ಮೇಜು ನನ್ನ ಬೆನ್ನ ಹಿಂದೆ, ಇಪ್ಪತ್ತಡಿ. ಮೂರನೇ ನಿಮಿಷ ಅವಳ ಪಂಚ್ ತಡೆಯುವಾಗ ನನ್ನ ಎಡಗೈ ಅವಳ ಮಣಿಕಟ್ಟಿಗೆ ಸುತ್ತಿಕೊಂಡಿತು. ಬೇಕೆಂದು ಹಿಡಿಯಲಿಲ್ಲ. ಹಾಗೆ ಬರೆಯುತ್ತಿದ್ದೇನೆ, ಆದರೆ ಖಚಿತವಾಗಿ ಗೊತ್ತಿಲ್ಲ. ಅವಳ ಇನ್ನೊಂದು ಕೈ ಬಂತು. ನಿಲ್ಲಲಿಲ್ಲ.

ಕೆಳತುಟಿ ಒಳಗಡೆ ಸೀಳಿದೆ. ಒಂದು ಹಲ್ಲು ಅಲುಗಾಡುತ್ತಿದೆ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಏಟು. ತಪ್ಪಿಸಿಕೊಂಡವಳ ಹಾಗೆ ತಲೆ ವಾಲಿಸಿದೆ. ರಕ್ತ ನುಂಗಿದೆ.

"ಮುಟ್ತಾ ಶ್ಯಾಮಲಾ?" ಎಂದು ಸೆನ್ಸೈ ಕೂಗಿ ಕೇಳಿದರು.

ತಿರುಗಿ, ಬಾಯಿ ಮುಚ್ಚಿಕೊಂಡೇ, ಇಲ್ಲ ಎಂದು ತಲೆ ಆಡಿಸಿದೆ.

"ನೋಡ್ರೋ, ಕಂಟ್ರೋಲ್ ಅಂದ್ರೆ ಇದು," ಎಂದು ಉಳಿದವರಿಗೆ ಹೇಳಿದರು. ಮೇಘನ ನನ್ನ ಬಾಯನ್ನೇ ನೋಡುತ್ತಿದ್ದಳು.

ಅಂಕಪಟ್ಟಿ ಮುಂದಿದೆ. ಎದುರಾಳಿ ತುಂಬಬೇಕಾದ ಕಾಲಂ: ಸ್ಪರ್ಶ – ಇದೆ / ಇಲ್ಲ. ಕೆಳಗೆ ಸಹಿ. "ಇದೆ" ಎಂದರೆ ನಾಳೆಯಿಂದ ಫೆಬ್ರವರಿವರೆಗೆ ಏಳು ಹತ್ತರ ಬಸ್ಸು, ಆ ಕ್ರಾಸು. "ಇಲ್ಲ" ಎಂದರೆ, ಕೈ ನಿಲ್ಲದಿದ್ದ ದಿನ ಕೈ ನಿಲ್ಲಿಸಿದ್ದಕ್ಕೆ ಬೆಲ್ಟ್. ಪಟ್ಟಿ ಇಟ್ಟಿರುವುದು ಆ ಫೋಟೊದ ಗಾಜಿನ ಮೇಲೇ.

ಮೂರು ಸಲ ಪೆನ್ನು ಕಾಲಂ ಹತ್ತಿರ ತಂದೆ. ಮೂರು ಸಲವೂ ಮುಟ್ಟುವ ಮುಂಚೆ ಮೊಣಕೈ ನಿಂತಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ನಿಲ್ಲುವುದಿಲ್ಲ.

ಸೆನ್ಸೈ ಕರೆಯುತ್ತಿದ್ದಾರೆ. "ಬಾಮ್ಮ ಶ್ಯಾಮಲಾ, ನನ್ನ ಪಕ್ಕನೇ ಎಲೆ ಹಾಕ್ಸಿದೀನಿ."

ಅವರ ಪಕ್ಕ ಕೂತು ಉಣ್ಣಬೇಕು. ಬಾಯಿ ತೆರೆದರೆ ರಕ್ತ ಕಾಣುತ್ತದೆ. ಕಾಲಂ ಇನ್ನೂ ಖಾಲಿ. ಬಾಗಿಲು ತಟ್ಟುತ್ತಿದ್ದಾರೆ. ಹಾಂ ಎನ್ನಲೂ ಬಾಯಿ ತೆರೆಯಬೇಕು –