ಚಿಕನ್ ಗುನ್ಹೆ

ಕಟಕೋಳ
16 ಜುಲೈ 2006, ರವಿವಾರ

ಪ್ರೀತಿಯ ಅವ್ವಾ, ಶರಣು.

ನಿನ್ನ ಮೊಣಕಾಲು ಈಗ ಹೇಗಿವೆ? ಬೆರಳು ಮಡಚಲು ಬರುತ್ತವೆಯೇ? ಮುಂಜಾನೆ ಎದ್ದ ಕೂಡಲೇ ನೋವು ಹೆಚ್ಚು, ಬಿಸಿಲು ಏರಿದ ಹಾಗೆ ಕಡಿಮೆ ಎಂದು ಇಲ್ಲಿ ಜಡ್ಡು ಬಿದ್ದವರೆಲ್ಲ ಹೇಳುತ್ತಾರೆ. ನಿನಗೂ ಹಾಗೆಯೇ ಇರಬೇಕು. ನಾಗರತ್ನಕ್ಕ ನಿನ್ನ ಕಾಲಿಗೆ ಬಿಸಿನೀರು ಹಾಕುತ್ತಾಳೆಂದು ನಂಬಿದ್ದೇನೆ. ಕಿತ್ತೂರಿನಲ್ಲಿ ಹೆದ್ದಾರಿಯ ಲಾರಿಗಳ ಸದ್ದಿಗೆ ಕಣ್ಣು ಹತ್ತುವುದಿಲ್ಲ ಎಂದು ಹೋದ ಸಲ ನೀನು ಗೊಣಗಿದ್ದು ನೆನಪಿದೆ. ಫೋನು ಮಾಡಬಹುದಿತ್ತು. ಆದರೆ ಫೋನಿರುವುದು ನಿಜಗುಣಪ್ಪ ಭಾವನ ಅಂಗಡಿಯಲ್ಲಿ. ಗಿರಾಕಿಗಳ ನಡುವೆ ನಿಂತು ನೀನು ‘ಹೂಂ, ಹೂಂ’ ಅನ್ನುವುದಷ್ಟೇ ಆಗುತ್ತದೆ. ಎದುರಿಗೆ ಕೂತಾಗಲೂ ನಾವಿಬ್ಬರು ಹೆಚ್ಚು ಮಾತಾಡಿದವರಲ್ಲ. ಇನ್ನು ಕಟಕೋಳಕ್ಕೆ ಬರುವುದೇ ಇಲ್ಲ ಎಂದು ನೀನು ಹೇಳಿದ್ದನ್ನು ಅಕ್ಕ ತಿಳಿಸಿದಳು. ಅದಕ್ಕೇ ಬರೆಯುತ್ತಿದ್ದೇನೆ. ಅಕ್ಕ ಓದಿ ಹೇಳಲಿ. ಭಾವನೂ ಕೇಳಿಸಿಕೊಳ್ಳಲಿ, ಅಡ್ಡಿಯಿಲ್ಲ.

ನಿನ್ನ ಸೊಸೆ ಶೈಲಜಾ ಆರಾಮ ಇದ್ದಾಳೆ. ಶ್ಯಾವಿಗೆಯ ಡಬ್ಬಿಯನ್ನು ಎಲ್ಲಿಟ್ಟಿದ್ದೀ ಎಂದು ಕೇಳಲು ಹೇಳಿದಳು. ಮನೆಯೆಲ್ಲ ಹುಡುಕಿದೆವು, ಸಿಗಲಿಲ್ಲ.

ನೀನು ಹೋದ ಮರುವಾರ ಶಾಲೆಗೆ ಒಂದು ಆದೇಶ ಬಂತು. ಸೊಳ್ಳೆಯ ಬಗ್ಗೆ ಎರಡು ತಿಂಗಳಿಂದ ಡಂಗುರ ಹೊಡೆಸಿ, ಗೋಡೆಗೆ ಬರೆಸಿ, ಚೀಟಿ ಹಂಚಿ ಹೇಳಿದ್ದನ್ನು ಜನ ಎಷ್ಟರ ಮಟ್ಟಿಗೆ ಪಾಲಿಸಿದ್ದಾರೆ ಎಂದು ಮನೆಮನೆಗೆ ಹೋಗಿ ನೋಡಿ ಬರೆಯಬೇಕು. ಗಣಿತ ಕಲಿಸುವವನೆಂದು ನನ್ನನ್ನು ಆರಿಸಿದರು. ಜೊತೆಗೆ ಅಂಗನವಾಡಿಯ ರೇಣು, ನಿನ್ನ ಜೊತೆಗಾತಿ ಕಾಡವ್ವನ ಸೊಸೆ. ಫಾರ್ಮಿನಲ್ಲಿ ಎರಡು ಪ್ರಶ್ನೆಗಳು ಮುಖ್ಯ: ಗೊತ್ತಿದೆಯೇ? ಮಾಡುತ್ತಾರೆಯೇ? ಆಮೇಲೆ ಕೊಡ, ಹಂಡೆ, ಟಾಕಿಗಳಿಗೆ ಬ್ಯಾಟರಿ ಬೆಳಕು ಬಿಟ್ಟು ಹುಳ ಇವೆಯೋ ಇಲ್ಲವೋ ನೋಡಬೇಕು. ಸೊಳ್ಳೆಯ ಮರಿಗಳು ನಿಂತ ನೀರಿನಲ್ಲಿ ಹುಳವಾಗಿ ಕುಣಿಯುತ್ತಿರುತ್ತವೆ, ಏಳೆಂಟು ದಿನಕ್ಕೆ ರೆಕ್ಕೆ ಬಂದು ಹಾರುತ್ತವೆ. ವಾರಕ್ಕೊಮ್ಮೆ ನೀರು ಚೆಲ್ಲಿ ಪಾತ್ರೆ ಒಣಗಿಸಬೇಕು, ಆಗದಿದ್ದರೆ ಬಿಗಿಯಾಗಿ ಮುಚ್ಚಿಡಬೇಕು ಎನ್ನುವುದು ಅದಕ್ಕೇ.

ಗೊತ್ತಿದೆಯೇ ಎಂದರೆ ಎಲ್ಲರಿಗೂ ಗೊತ್ತಿತ್ತು. ಕೆಲವರು ಚೀಟಿಯನ್ನು ಬಾಯಿಪಾಠ ಒಪ್ಪಿಸಿದರು. ಮಾಡುತ್ತೀರಾ ಎಂದಾಗ ಮಾತು ಬದಲಾಗುತ್ತಿತ್ತು. ಮೂಲೆಮನೆಯ ಕೆಂಚವ್ವ ನನ್ನ ಕೈಯಲ್ಲಿದ್ದ ಫಾರ್ಮನ್ನೇ ದಿಟ್ಟಿಸಿ, “ಮಾಸ್ತರ, ನಳಾ ಬರೂದು ಎಂಟ ದಿನಕ್ಕೊಮ್ಮಿ. ಆ ನೀರು ಚೆಲ್ಲಿ, ನಿಮ್ಮ ಕಾಗದಾ ಹಿಂಡಿ ಕುಡೀಲೇನ್ರಿ?” ಅಂದಳು. ಅಂಥ ಉತ್ತರಕ್ಕೆ ಫಾರ್ಮಿನಲ್ಲಿ ಜಾಗ ಇರಲಿಲ್ಲ. ಅಂಚಿನಲ್ಲಿ ಬರೆದುಕೊಂಡೆ. ಇಷ್ಟು ವರ್ಷ ಲೆಕ್ಕ ಕಲಿಸಿದವನಿಗೆ ಅಂಚಿನಲ್ಲಿ ಬರೆದದ್ದೇ ಹೆಚ್ಚು ಖರೆ ಎಂದು ಅನಿಸಿದ್ದು ಅದೇ ಮೊದಲು.

ಇನ್ನೊಂದು ಉತ್ತರವಿತ್ತು. ಅದನ್ನು ನಾನು ಅಂಚಿನಲ್ಲಿಯೂ ಬರೆಯಲಿಲ್ಲ. ಜಡ್ಡಿನ ಹೆಸರು ಚಿಕುನ್‌ಗುನ್ಯಾ. ಯಾವುದೋ ದೂರದೇಶದ ಭಾಷೆಯ ಶಬ್ದ, ಮೈ ಬಾಗುವುದು ಎಂದು ಅದರ ಅರ್ಥವಂತೆ. ಆದರೆ ನಮ್ಮ ಊರಿನ ಕಿವಿಗೆ ಅದು ಹಾಗೆ ಬೀಳಲಿಲ್ಲ. ಪಕ್ಕದ ಮನೆಯ ಸಿದ್ದಲಿಂಗವ್ವ ಮೊದಲ ದಿನವೇ ತೀರ್ಪು ಕೊಟ್ಟಳಲ್ಲ: “ಚಿಕನ್ ಗುನ್ಹೆ ಅದು. ಕೋಳಿ ತಿಂದ ತಪ್ಪಿಗೆ, ಆ ಗುನ್ಹೇಕ್ಕ ಬರೂದು. ಲಿಂಗಾ ಕಟ್ಟಿದವರಿಗೆ ಯಾಕ ಬರ್ತದ?” ಮಾತು ಒಂದೇ ದಿನದಲ್ಲಿ ಇಡೀ ಓಣಿ ತಿರುಗಿತು. ಆಮೇಲೆ ಜಡ್ಡು ನಮ್ಮ ಓಣಿಗೂ ಬಂತು. ಗಂಡಸರು ಗೋಡೆ ಹಿಡಿದು ನಡೆದರು, ಹೆಂಗಸರು ಕೂತಲ್ಲಿಂದ ಏಳಲು ಕಂಬ ಹಿಡಿದರು. ಆದರೆ ಫಾರ್ಮಿನ ಮುಂದೆ ಎಲ್ಲರದೂ ಒಂದೇ ಮಾತು: “ಇದು ವಾಯು ನೋವ್ರಿ. ಗುನ್ಹೆ ಅಲ್ಲ.” ನಮ್ಮ ಓಣಿಯ ಅರವತ್ತು ಮನೆಗಳಲ್ಲಿ, ನನ್ನ ಕಾಗದದ ಪ್ರಕಾರ, ಒಬ್ಬರಿಗೂ ಜಡ್ಡಿರಲಿಲ್ಲ. ಜಡ್ಡೇ ನಮ್ಮದಲ್ಲ ಎಂದ ಮೇಲೆ ಹಂಡೆ ಮುಚ್ಚುವುದು ಯಾಕೆ? ಯಾರೂ ಮುಚ್ಚಿರಲಿಲ್ಲ.

ನಮ್ಮ ಓಣಿಯಲ್ಲಿ ರೇಣು ಯಾವ ಮನೆಯ ಹೊಸ್ತಿಲನ್ನೂ ದಾಟಲಿಲ್ಲ. ದಾಟಬೇಡ ಎಂದು ಯಾರೂ ಅನ್ನಲಿಲ್ಲ. ಅನ್ನುವ ಮೊದಲೇ ಅವಳು ಕಟ್ಟೆಯ ಕೆಳಗೆ ನಿಂತು, “ನೀವ ನೋಡಿ ಬರ್ರಿ ಸರ್, ನಾ ಬರಕೋತೇನಿ” ಅನ್ನುತ್ತಿದ್ದಳು. ಬ್ಯಾಟರಿ ನನ್ನ ಕೈಯಲ್ಲಿ, ಪೆನ್ನು ಅವಳ ಕೈಯಲ್ಲಿ. ನಾನೂ ಅದನ್ನು ಕೆಲಸದ ಅನುಕೂಲ ಎಂದೇ ತಿಳಿದೆ. ನಮ್ಮ ಬಾಗಿಲಿಗೆ ಬಂದಾಗ ಅವಳು, “ಸರ್, ಇದು ನಿಮ್ಮನಿ” ಅಂದಳು. ಮಧ್ಯಾಹ್ನವಾಗಿತ್ತು, ಹಸಿವಾಗಿತ್ತು. “ಹುಳ ಇಲ್ಲ ಅಂತ ಬರಿ” ಅಂದೆ. ಅವಳು ಒಮ್ಮೆ ನನ್ನ ಮುಖ ನೋಡಿ, ಬರೆದಳು.

ಮೊನ್ನೆ ಲೆಕ್ಕ ಮುಗಿಸಿದೆ. ಕಾಡವ್ವನ ಓಣಿಯಲ್ಲಿ ನಲವತ್ತೊಂದು ಮನೆ, ಹುಳ ಸಿಕ್ಕಿದ್ದು ಮೂರರಲ್ಲಿ. ಅವರಿಗೂ ನಳ ಎಂಟು ದಿನಕ್ಕೊಮ್ಮೆಯೇ. ಆದರೆ ಒಂದೊಂದು ಕೊಡದ ಬಾಯಿಗೂ ಹಳೆಯ ಧೋತರದ ತುಂಡು ಬಿಗಿದಿದ್ದರು. ಕಾಡವ್ವನ ಗಂಡ ಲಗಮಪ್ಪ ಅದನ್ನು ಬಿಚ್ಚಿ ತೋರಿಸುತ್ತಾ, “ಊರಾನ ಮಂದಿ ಎಲ್ಲಾ ನಮ್ಮ ಕಡೆ ಬೊಟ್ಟ ಮಾಡಿ ತೋರಸ್ತಾರ್ರಿ. ನಾವರ ಮುಚ್ಚಬೇಕಲ್ರಿ” ಅಂದ. ನಮ್ಮ ಓಣಿಯಲ್ಲಿ ಅರವತ್ತಕ್ಕೆ ಇಪ್ಪತ್ತೆರಡು. ಜನರಿಗೆ ತಿಳಿವಳಿಕೆ ಸಾಲದು ಎಂದು ವರದಿಯಲ್ಲಿ ಬರೆಯಲು ಹೊರಟವನು ಪೆನ್ನು ಕೆಳಗಿಟ್ಟೆ. ಯಾಕೆಂದರೆ ತಿಳಿವಳಿಕೆ ಇದ್ದವನೊಬ್ಬನು ಆ ಸಂಜೆ ಏನು ಕೇಳಿದ ಎನ್ನುವುದು ನಿನಗೆ ಗೊತ್ತು.

ಅದನ್ನು ಬರೆಯದೆ ಈ ಪತ್ರಕ್ಕೆ ಅರ್ಥವಿಲ್ಲ. ಮೇ ತಿಂಗಳಲ್ಲಿ ಮೊದಲು ಹಾಸಿಗೆ ಹಿಡಿದವಳು ಕಾಡವ್ವ. ಮೂವತ್ತು ವರ್ಷ ನಮ್ಮ ಹೊಲದಲ್ಲಿ ಕಳೆ ತೆಗೆದವಳು, ದಿನಾ ಮಧ್ಯಾಹ್ನ ಹಿತ್ತಲಿಗೆ ಬಂದು ನಿನ್ನೊಡನೆ ಎಲೆಅಡಿಕೆ ಹಾಕುವವಳು ಬರಲಿಲ್ಲವೆಂದು ನೀನೇ ರೊಟ್ಟಿ ಕಟ್ಟಿಕೊಂಡು ಅವಳ ಮನೆಗೆ ಹೋದೆ. ಹತ್ತು ದಿನಕ್ಕೆ ನೀನೂ ಮಲಗಿದೆ. ಸಿದ್ದಲಿಂಗವ್ವ ನಮ್ಮ ಕಟ್ಟೆಯ ಮೇಲೆಯೇ ಕೂತು, “ಅಲ್ಲಿ ಹೋಗಿ ಏನ್ ತಿಂದಳೋ ಯವ್ವಾ, ಯಾರು ಕಂಡಾರ!” ಅಂದಳು. ನಾನು ಒಳಗಿದ್ದೆ, ಕೇಳಿಸಿಕೊಂಡೆ. ಎದ್ದು ಹೊರಗೆ ಬರಲಿಲ್ಲ. ಸೊಳ್ಳೆಯಿಂದ ಬರುವ ಜಡ್ಡು ಎಂದು ಶಾಲೆಯ ಕರಿಫಳಿಯ ಮೇಲೆ ನಾನೇ ಚಿತ್ರ ಬಿಡಿಸಿದ್ದೆ. ಆದರೂ ಆ ಸಂಜೆ ನಿನ್ನ ಹಾಸಿಗೆಯ ಹತ್ತಿರ ಬಂದು ಕೇಳಿದೆ: “ಅವ್ವಾ, ಖರೇ ಹೇಳು. ಕಾಡವ್ವನ ಮನ್ಯಾಗ ಏನರ ತಿಂದೀಯೇನು?”

ನೀನು ಮೇಲಿನ ತೊಲೆ ನೋಡುತ್ತಲೇ, “ಚಾ ಕುಡದೇನಿ. ಬರಕೋ ನಿನ್ನ ಕಾಗದದಾಗ” ಅಂದೆ. ಆಗ ನನ್ನ ಕೈಯಲ್ಲಿ ಯಾವ ಕಾಗದವೂ ಇರಲಿಲ್ಲ. ಎರಡು ದಿನಕ್ಕೆ ನೀನು ಕಿತ್ತೂರಿಗೆ ಹೊರಟೆ. ಬಸ್ಸಿನ ಮೆಟ್ಟಿಲಿಗೆ ಕಾಲು ಏಳದೆ ನಿಂತಾಗ ಹಿಂದಿನಿಂದ ಎತ್ತಿ ಹತ್ತಿಸಿದವನು ನಾನು. ನೀನು ತಿರುಗಿ ನೋಡಲಿಲ್ಲ. ಆಗ ನಿನ್ನ ಮೈ ಎಷ್ಟು ಹಗುರಾಗಿತ್ತು ಎನ್ನುವುದು ಇನ್ನೂ ನನ್ನ ಕೈಯಲ್ಲಿದೆ.

ಗುಳಿಗೆ ತಪ್ಪಿಸಬೇಡ. ಉಂಡ ಮೇಲೆಯೇ ತೆಗೆದುಕೋ. ಅಕ್ಕನಿಗೆ, ಭಾವನಿಗೆ ನಮ್ಮಿಬ್ಬರ ಶರಣು ಹೇಳು. ನಿನ್ನ ಕಾಲಿಗೆ ಮತ್ತೆ ಓಡಾಡುವ ಶಕ್ತಿ ಬರಲಿ, ಬೈಯುವ ಶಕ್ತಿಯೂ ಬರಲಿ.

ನಿನ್ನ ಮಗ
ವಿರೂಪಾಕ್ಷ

ತಾ.ಕ.: ಲಕೋಟೆ ಅಂಟಿಸಿದ್ದೆ, ಬುಧವಾರ ಸಂಜೆ ಒಡೆದೆ. ಸೋಮವಾರ ಮಧ್ಯಾಹ್ನ ಕಾಡವ್ವ ಕೋಲೂರಿಕೊಂಡು ಹಿತ್ತಲಿಗೆ ಬಂದಿದ್ದಳು, ನಿನ್ನ ಸುದ್ದಿ ಕೇಳಲು. ನೀವಿಬ್ಬರೂ ಕೂಡುತ್ತಿದ್ದ ಜಾಗದಲ್ಲೇ, ಎತ್ತುಗಳು ನೀರು ಕುಡಿಯುತ್ತಿದ್ದ ಕಲ್ಲಿನ ದೋಣಿಯ ಪಕ್ಕ ಕೂತು, ಕಾಲಿಗೆ ಫಟಫಟ ಹೊಡೆದುಕೊಳ್ಳುತ್ತಾ, “ಇಲ್ಲಿ ಸೊಳ್ಳಿ ಹಗಲಾಗಽ ಕಡೀತಾವ ತಮ್ಮಾ. ನಿಮ್ಮವ್ವಗ ಆಗಽ ಹೇಳಿದ್ನಿ” ಅಂದಳು. ಈ ಜಡ್ಡಿನ ಸೊಳ್ಳೆ ಕಡಿಯುವುದೇ ಹಗಲು. ಎತ್ತು ಮಾರಿದ ಮೇಲೆ ನೀನು ಬಟ್ಟೆ ಒಗೆಯಲೆಂದು ನೀರು ತುಂಬಿಡುತ್ತಿದ್ದ ದೋಣಿ; ಅದಕ್ಕೊಂದು ತಗಡು ತಂದು ಮುಚ್ಚು ಎಂದು ನನಗೆ ಹೇಳುತ್ತಲೇ ಇದ್ದ ದೋಣಿ. ರೇಣುವನ್ನು ಕರೆಸಿದೆ. ಬ್ಯಾಟರಿಯನ್ನು ಅವಳ ಕೈಗೆ ಕೊಟ್ಟೆ. ಪಡಸಾಲೆ, ಅಡುಗೆಮನೆ ದಾಟಿ ಹಿತ್ತಲಿಗೆ ಹೋದಳು. ಬಗ್ಗಿ ನೋಡಿ, “ಎಣಸೂದು ಬ್ಯಾಡ್ರಿ ಸರ್” ಅಂದಳು. ನೀನು ಕಾಡವ್ವನ ಮನೆಯಿಂದ ಏನೂ ತರಲಿಲ್ಲ, ಅವ್ವಾ. ಅವಳೇ ಜಡ್ಡನ್ನು ನಮ್ಮ ಹಿತ್ತಲಿನಿಂದ ಒಯ್ದಿರಬೇಕು.

ನಮ್ಮ ಮನೆಯ ಫಾರ್ಮು ಹರಿದು ಹೊಸದು ಬರೆದೆ. ಯಜಮಾನ: ವಿರೂಪಾಕ್ಷ. ಹುಳ: ಇವೆ. ಮುಚ್ಚಳ: ಇಲ್ಲ. ಷರಾ: ತಗಡು ತರಲು ತಾಯಿ ಸಾವಿತ್ರೆವ್ವ ಮೂರು ಸಲ ಹೇಳಿದ್ದರು. ಹುಳ ಸಿಕ್ಕ ಮನೆಗಳ ಯಾದಿ ಪಂಚಾಯ್ತಿಯ ಗೋಡೆಗೆ ಅಂಟಿಸಬೇಕು. ನಮ್ಮದನ್ನು ಎಲ್ಲಕ್ಕಿಂತ ಮೇಲೆ, ಷರಾ ಸಮೇತ ನಾನೇ ಅಂಟಿಸಿದೆ. ತಗಡು ತಂದೆ, ಅಳತೆ ತಪ್ಪಿ ಒಂದು ಗೇಣು ಗಿಡ್ಡಾಯಿತು. ಉಳಿದ ಬಾಯಿಗೆ ನಿನ್ನ ಹಳೆಯ ಸೀರೆ ಬಿಗಿದಿದ್ದೇನೆ, ಬಂದು ಬೈ. ಸಿದ್ದಲಿಂಗವ್ವ ಮೊಮ್ಮಗಳ ಕಡೆಯಿಂದ ಗೋಡೆಯ ಮೇಲಿನದನ್ನು ಎರಡು ಸಲ ಓದಿಸಿ ಕೇಳಿ, “ಹಂಗಾರ ಗುನ್ಹೆ ಮಾಸ್ತರದು ಅಂತಾತು” ಅಂದಳಂತೆ. ಆ ಶಬ್ದ ಈ ಊರಿನಲ್ಲಿ ಮೊದಲ ಸಲ ಸರಿಯಾದ ಜಾಗಕ್ಕೆ ಬಿತ್ತು. ನೀನು ಬಾ.