ಪ್ರತಿ ಸಂಜೆ ಸತ್ತು ಎದ್ದುಬಂದ ಕಾಕಾನಿಗೆ

ಪ್ರೀತಿಯ ಕಾಕಾ,

ನಾನು ವಿಜಯಾ, ನಿಮ್ಮ ಅಣ್ಣನ ಮಗ ಈರಣ್ಣನವರ ಹೆಂಡತಿ. ಹೀಗೆ ಪರಿಚಯ ಹೇಳಿಕೊಂಡರೆ ನೀವು ನಗುತ್ತೀರಿ, ಗೊತ್ತು. "ಮೈಕ್ ಮುಂದ ನಿಂತಾಂಗ ಮಾತಾಡಬ್ಯಾಡವಾ" ಎನ್ನುತ್ತೀರಿ. ಏನು ಮಾಡಲಿ, ಮದುವೆಯಾದಾಗಿನಿಂದ ಮೈಕಿನ ಮುಂದೆಯೇ ಬೆಳೆದ ನಾಲಿಗೆ ಇದು. ಹೇಳಬೇಕಾದ್ದನ್ನು ಬಿಟ್ಟು ಬೇರೆಲ್ಲ ಹೇಳುತ್ತದೆ. ನಿಮ್ಮ ಬಗ್ಗೆ ಊರೆಲ್ಲ ಕೇಳುವ ಹಾಗೆ ಎಷ್ಟೋ ಸಂಜೆ ಮಾತಾಡಿದ್ದೇನೆ. ನಿಮ್ಮ ಜೊತೆ ಕೂತು ಮಾತಾಡಿದ್ದು ಮಾತ್ರ... ಇರಲಿ. ನಾಚಿಕೆಯಲ್ಲಿ ಕೂತು ಬರೆಯುತ್ತಿದ್ದೇನೆ, ಅಷ್ಟನ್ನು ಮೊದಲೇ ಹೇಳಿಬಿಡುತ್ತೇನೆ.

ಬನಶಂಕರಿ ಎರಡನೇ ಹಂತದ ಗಣೇಶನ ಪೆಂಡಾಲ್ ನೆನಪಿದೆಯಾ? ನಾನಿನ್ನೂ ಕಾಲೇಜಿನಲ್ಲಿದ್ದೆ, ನಮ್ಮ ಬೀದಿಯ ಹುಡುಗಿ ಎಂದು ಒಂದು ಹಾಡು ಹಾಡಲು ಸ್ಟೇಜ್ ಹತ್ತಿಸಿದ್ದರು. ಈರಣ್ಣ ಕೀಬೋರ್ಡ್, ನೀವು ಕಂದು ಕೋಟು ತೊಟ್ಟು ನಿರೂಪಣೆ. ಪಲ್ಲವಿ ಮುಗಿಯುವಷ್ಟರಲ್ಲಿ ಕರೆಂಟ್ ಹೋಯಿತು. ಜನ ಎದ್ದು ಚಾಪೆ ಮಡಚುತ್ತಿದ್ದರು. ನೀವು ಸ್ಟೇಜಿನ ಅಂಚಿಗೆ ಬಂದು, ಮೈಕಿಲ್ಲದೆ, ಗದಗಿನ ಕಡೆಯ ನಾಟಕ ಕಂಪನಿಯಲ್ಲಿ ಕಲಿತ ಗಂಟಲಿನಲ್ಲಿ ಒಬ್ಬ ಜಿಪುಣನ ಕತೆ ಶುರು ಮಾಡಿದಿರಿ. ಕರೆಂಟ್ ಬಂದಾಗ ಜನರೇ "ಲೈಟ್ ಆಮೇಲೆ ಹಾಕ್ರಪ್ಪಾ, ಕತೆ ಮುಗೀಲಿ" ಎಂದರು. ಆಮೇಲೆ ನನ್ನನ್ನು ಕರೆದೊಯ್ಯಲು ಬಂದ ನಮ್ಮಪ್ಪನನ್ನು ನೀವು ತಡೆದು ನಿಲ್ಲಿಸಿ, ಈರಣ್ಣನ ಕೀಬೋರ್ಡ್ ತೋರಿಸಿದಿರಿ. "ಯಜಮಾನ್ರ, ನಿಮ್ಮ ಮಗಳ ದನಿಗೆ ಒಂದು ಪೆಟ್ಟಿಗಿ ಬೇಕು, ನಮ್ಮ ಹುಡುಗನ ಪೆಟ್ಟಿಗಿಗೆ ಒಂದು ದನಿ ಬೇಕು." "ಆರ್ಕೆಸ್ಟ್ರಾದವರಿಗೆಲ್ಲಾ ಹೆಣ್ಣು ಕೊಡೋಕಾಗುತ್ತಾ ಸಾರ್?" ಎಂದು ಅಪ್ಪ ಮುಖ ತಿರುಗಿಸಿದರು. ಮುಂದಿನ ಗಣೇಶನ ಹಬ್ಬಕ್ಕೆ ನಾನು ನಿಮ್ಮ ಮನೆಯ ಸೊಸೆಯಾಗಿದ್ದೆ. ಗಂಡನನ್ನು ಊರವರ ಹಾಗೆ ಈರಣ್ಣ ಎಂದೇ ಕರೆಯುತ್ತೇನೆಂದು ಅಮ್ಮ ಬೈದರೆ, "ಕರೀಲಿ ಬಿಡ್ರಿ ಬೀಗತಿ, ಕೇಳಿದವರಿಗೆ ಗಂಡನೂ ಹೌದು, ಹಿರಿಯಣ್ಣನೂ ಹೌದು" ಎಂದು ನೀವೇ ನನ್ನ ಪರ ನಿಂತಿರಿ.

ಜೆ.ಪಿ. ನಗರದ ಆ ಮಹಡಿಯ ಕೋಣೆಯಲ್ಲಿ ನಮ್ಮ ತಂಡ ಶುರುವಾದ ದಿನ ಹೆಸರಿಗೆ ಜಗಳವಾಗಿತ್ತು. ಕೊನೆಗೆ ನೀವು "ಇಬ್ಬರದೂ ಹಾಕ್ರಿ, ಮುಂದ ಜಗಳಾಡಿದರೂ ಬೋರ್ಡ್ ಮ್ಯಾಲೆ ಕೂಡೇ ಇರ್ತೀರಿ" ಎಂದಿರಿ. 'ಈರವಿಜಯ ಮೆಲೋಡೀಸ್' ಆಯಿತು. ಕಮಿಟಿಯವರ ಜೊತೆ ಮಾತು, ಸೌಂಡು, ವಾದ್ಯದವರು ಈರಣ್ಣನ ಪಾಲು. ಹಾಡುಗಾರರು, ಡ್ಯಾನ್ಸಿನವರು, ಯಾವುದರ ಹಿಂದೆ ಯಾವುದು ಎನ್ನುವುದು ನನ್ನ ಪಾಲು. ಮೊದಲು ದೇವರು, ಆಮೇಲೆ ತಾಯಿ, ಆಮೇಲೆ ನಾಡು, ಕುಣಿತ ಕಟ್ಟಕಡೆಗೆ ಎಂದು ಕಲಿಸಿದವರು ನೀವು. "ಮೊದಲ ಕುಣಿಸಿಬಿಟ್ಟರ ಮಂದಿ ಆಮ್ಯಾಲೆ ದೇವರಿಗೂ ಕುಣಿ ಅಂತಾರ" ಎನ್ನುತ್ತಿದ್ದಿರಿ.

ಇನ್ನೊಂದನ್ನೂ ಕಲಿಸಿದಿರಿ, ಮೌನ. ಊರಿನಲ್ಲಿ ಯಾವ ಕಲಾವಿದ ಸತ್ತ ಸುದ್ದಿ ಬಂದರೂ ಅಂದಿನ ಕಾರ್ಯಕ್ರಮ ಮೌನದಿಂದ ಶುರುವಾಗಬೇಕು. ಆತ ಹೆಸರೇ ಕೇಳದ ಡೋಲಕ್‌ನವನಾದರೂ ಸರಿ. ಒಮ್ಮೆ ನಾನು ಅವಸರದಲ್ಲಿ "ಯಾರಿಗೂ ಗೊತ್ತಿಲ್ಲದವರು, ಇವತ್ತು ಬೇಡ ಕಾಕಾ" ಎಂದುಬಿಟ್ಟೆ. ನೀವು ಸಿಟ್ಟಾಗಲಿಲ್ಲ. "ನಮ್ಮಂಥೋರ ಫೋಟೋ ಪೇಪರಿನಾಗ ಯಾರೂ ಹಾಕೂದಿಲ್ಲವಾ. ಇಷ್ಟು ಮಂದಿನ್ನ ನಗಿಸಿ, ಕುಣಿಸಿ ಹೋದವನಿಗೆ ಅದ ಮಂದಿ ಒಂದು ಗಳಿಗಿ ಎದ್ದು ನಿಲ್ಲಲಿ. ಅವನಿಗೆ ಸಿಗೂದು ಅಷ್ಟ" ಎಂದಿರಿ. ಆ ಅಷ್ಟನ್ನೂ ನಿಮಗೆ ಕೊಡಿಸಲಾರದೆ ಹೋದೆನಲ್ಲ, ಅದಕ್ಕೇ ಈ ಪತ್ರ.

ಪುಟ್ಟೇನಹಳ್ಳಿಯ ಆ ಸಂಜೆಯ ವಿಷಯ ನೀವೇ ಎಷ್ಟು ಸಲ ಹೇಳಿ ನಗಿಸಿಲ್ಲ! ಎದೆನೋವೆಂದು ನಿಮ್ಮನ್ನು ನರ್ಸಿಂಗ್ ಹೋಮಿಗೆ ಸೇರಿಸಿದ್ದೆವು. ಇನ್ನೇನು ಶುರು ಮಾಡಬೇಕು, ನಿಮ್ಮನ್ನು ನೋಡಲು ಹೋಗಿದ್ದ ಡ್ರಮ್ಸ್ ರಾಜಣ್ಣ ಅಳುತ್ತ ಓಡಿಬಂದ. "ಬೆಡ್ ಖಾಲಿ ಅಕ್ಕ, ಹಾಸಿಗೆ ಸುತ್ತಿಟ್ಟವ್ರೆ, ಕಾಕಾ ಹೋಗ್ಬಿಟ್ರು" ಎಂದ. ನಾವಿಬ್ಬರೂ ಆಸ್ಪತ್ರೆಗೆ ಓಡಬೇಕಿತ್ತಲ್ಲವೇ? ಯಾರಾದರೂ ಓಡುತ್ತಿದ್ದರು. ನಾವು ಓಡಿದ್ದು ಸ್ಟೇಜಿಗೆ. "ಜನ ಕೂತುಬಿಟ್ಟಿದಾರೆ. ಮೌನ ಮಾಡ್ಸು, ಎರಡು ಹಾಡು ಹೇಳ್ಸಿ ಹೋಗ್ಬಿಡೋಣ" ಎಂದರು ಈರಣ್ಣ. ನಾನೂ ತಲೆಯಾಡಿಸಿದೆ. ಕಣ್ಣೀರು ಸುರಿಯುತ್ತಿತ್ತು, ನಿಜವಾದ ಕಣ್ಣೀರೇ. ಆದರೂ ಮಾತು ಎಲ್ಲಿ ತಗ್ಗಿಸಬೇಕು, ಎಲ್ಲಿ ಏರಿಸಬೇಕು ಎಂದು ಒಳಗೊಬ್ಬಳು ಲೆಕ್ಕ ಹಾಕುತ್ತಲೇ ಇದ್ದಳು. ಪೆಂಡಾಲಿಗೆ ಪೆಂಡಾಲೇ ಎದ್ದು ನಿಂತಿತು.

ಆಗ ಹಿಂದಿನಿಂದ ನೀವು ನಡೆದುಬಂದಿರಿ. ಅಲ್ಲಿ ಒಳ್ಳೆಯ ಚಹಾ ಕೊಡುವುದಿಲ್ಲವೆಂದು ಯಾರಿಗೂ ಹೇಳದೆ ಎದ್ದು, ನೀವೇ ಹಾಸಿಗೆ ಸುತ್ತಿಟ್ಟು, ಆಟೋ ಹತ್ತಿ ಕಾರ್ಯಕ್ರಮಕ್ಕೇ ಬಂದಿದ್ದಿರಿ. ನಿಂತ ಜನರ ನಡುವೆ ಹಾದು, ಸ್ಟೇಜ್ ಹತ್ತಿ, ನನ್ನ ಕೈಯ ಮೈಕ್ ಇಸಿದುಕೊಂಡು, "ಇದ್ದಾಗ ಒಂದು ಚೊಲೋ ಮಾತು ಆಡಲಿಲ್ಲ ನಮ್ಮ ಸೊಸಿ. ಇಷ್ಟು ಹೊಗಳಾಕತ್ತಾಳಂತ ಕೇಳಿ ಚಿತಾದಿಂದ ಎದ್ದು ಬಂದೇನಿ" ಎಂದಿರಿ. ನಮ್ಮವರನ್ನು ಸುಡುವುದಿಲ್ಲ, ಮಣ್ಣು ಮಾಡುತ್ತಾರೆ ಎನ್ನುವುದನ್ನೂ ಮರೆತು ಹೇಳಿದ್ದಿರಿ. ಜನ ಬಿದ್ದು ಬಿದ್ದು ನಕ್ಕರು. ನಾನು ನಿಮ್ಮ ಕೋಟು ಹಿಡಿದುಕೊಂಡು ಅತ್ತೆ. ಅಲ್ಲಿಗೆ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು.

ಮರುವಾರ ಒಂದು ಕಮಿಟಿಯವರು ಬುಕ್ ಮಾಡಲು ಬಂದು ಕೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. "ಮೇಡಂ, ಆ ಸತ್ತು ಎದ್ದು ಬರೋ ಐಟಂ ಸಖತ್ತಾಗಿತ್ತಂತೆ. ನಮಗೂ ಹಾಕಿ." ನಾನು ಈರಣ್ಣನ ಮುಖ ನೋಡಿದೆ, ಈರಣ್ಣ ನಿಮ್ಮ ಮುಖ ನೋಡಿದರು. "ಹಾಕೂಣಂತ, ಅದರಾಗೇನೈತಿ" ಎಂದಿರಿ ನೀವು. ಅಲ್ಲಿಂದ ಪ್ರತಿ ಕಾರ್ಯಕ್ರಮದಲ್ಲೂ ನಾನು ಗದ್ಗದಿತಳಾಗಿ ನಿಮ್ಮನ್ನು ಸಾಯಿಸುವುದು, ಜನರನ್ನು ನಿಲ್ಲಿಸುವುದು, ನೀವು ಹಿಂದಿನಿಂದ ಎದ್ದುಬರುವುದು. ಬಿ.ಟಿ.ಎಂ.ನಿಂದ ಕತ್ರಿಗುಪ್ಪೆಯವರೆಗೆ ಎಲ್ಲರಿಗೂ ಗುಟ್ಟು ಗೊತ್ತಿತ್ತು, ಆದರೂ ಕೇಳುತ್ತಿದ್ದರು. ಮನೆಮನೆಗೆ ಕೇಬಲ್ ಟಿ.ವಿ. ಬಂದು ಜೊತೆಯ ತಂಡಗಳು ಒಂದೊಂದಾಗಿ ಮುಚ್ಚಿಹೋದ ಕಾಲ ಅದು. ನಮ್ಮದು ಮುಚ್ಚಲಿಲ್ಲ. ಯಶಸ್ವಿ ದಂಪತಿ ಎಂದು ಶಾಲು ಹೊದಿಸಿದರು. ನಮ್ಮ ದುಡಿಮೆ, ನಮ್ಮ ಶಿಸ್ತು ಎಂದು ನಾವು ಭಾಷಣವನ್ನೂ ಮಾಡಿದೆವು. ನಿಮ್ಮ ಸಾವನ್ನು ಮಾರಿ ತಿನ್ನುತ್ತಿದ್ದೇವೆ ಎಂದು ಹೇಳಲಾಗುತ್ತದೆಯೇ?

ಕ್ಲಾರಿನೆಟ್ ಮೇಷ್ಟ್ರು ತೀರಿಕೊಂಡ ದಿನ ನಿಮ್ಮ ಮುಖ ನೋಡಲಾಗಲಿಲ್ಲ. ನಮ್ಮ ತಂಡದಲ್ಲೇ ಊದುತ್ತಿದ್ದ ಮನುಷ್ಯ. ಮೌನ ಎಂದು ನಾನು ಹೇಳಿದ್ದೇ ತಡ, ಮುಂದಿನ ಸಾಲಿನಲ್ಲಿ ಕಿಸಕ್ಕೆಂದರು. ಯಾರೋ "ಗುರು, ಹಿಂದೆ ನೋಡು, ಈಗ ಬರ್ತಾರೆ" ಎಂದ. ಎಲ್ಲರೂ ತಿರುಗಿದರು. ಅವತ್ತು ಊಟಕ್ಕೆ ಕೂತಾಗ ನೀವು ತಟ್ಟೆ ಸರಿಸಿ "ಈ ಐಟಂ ಸಾಕವಾ ವಿಜಯಾ" ಎಂದಿರಿ. "ದಿನಾ ಸಾಯೋರಿಗೆ ಅಳೋರ್ಯಾರು ಅಂತಾರಲ್ಲ. ನನಗ ಯಾರೂ ಅಳದಿದ್ದರೂ ನಡೀತೈತಿ. ಪಾಪ, ಆ ಮಾಸ್ತರ ಏನು ಮಾಡಿದ್ದ?" ನಾನು ಏನೆಂದೆ ಗೊತ್ತಲ್ಲ. "ಈ ಸೀಸನ್ ಒಂದು ಮುಗೀಲಿ ಕಾಕಾ, ಒಪ್ಕೊಂಡ್ಬಿಟ್ಟಿದೀವಿ." ಮುಗಿಯಿತು, ಇನ್ನೊಂದು ಶುರುವಾಯಿತು. ನೀವು ಮತ್ತೆ ಕೇಳಲಿಲ್ಲ.

ಎರಡು ವರ್ಷದ ಹಿಂದಿನ ಶ್ರಾವಣದಲ್ಲಿ ಸುದ್ದಗುಂಟೆಪಾಳ್ಯದ ನಿಮ್ಮ ಕೋಣೆಯ ಓನರ್ ಆಂಟಿ ಬೆಳಿಗ್ಗೆ ಫೋನ್ ಮಾಡಿದಾಗ, ಕಾಕಾ, ನಾನು ಮೊದಲು ಹೇಳಿದ ಮಾತು "ಸರಿಯಾಗಿ ನೋಡಿ ಆಂಟಿ." ಆ ಸಲ ಸರಿಯಾಗಿಯೇ ನೋಡಿದ್ದರು. ನಿದ್ದೆಯಲ್ಲೇ ಹೋಗಿದ್ದಿರಿ. ವಿಭೂತಿ ಹಚ್ಚಿ, ಕೂರಿಸಿ, ಮಣ್ಣು ಮಾಡಿದೆವು. ನಮ್ಮಲ್ಲಿ ಸೂತಕವಿಲ್ಲ ಎಂದು ನೀವೇ ಹೇಳುತ್ತಿದ್ದ ಮಾತನ್ನು ನೆಪ ಮಾಡಿಕೊಂಡು ಮೂರನೆಯ ದಿನ ಜಯನಗರದ ಕಾರ್ಯಕ್ರಮಕ್ಕೆ ಹೋದೆವು. ದುಡಿಮೆಗಲ್ಲ, ನಿಮಗೆ ಮೌನ ಕೊಡಿಸಲು ಎಂದು ನನಗೆ ನಾನೇ ಹೇಳಿಕೊಂಡೆ.

ಮೈಕ್ ಹಿಡಿದು "ನಮ್ಮ ಕಾಕಾ ಇನ್ನಿಲ್ಲ" ಎಂದೆ. ಶಿಳ್ಳೆ ಬಿತ್ತು. ಎದ್ದು ನಿಲ್ಲಿ ಎಂದೆ. ಎದ್ದರು, ಎದ್ದು ಹಿಂದಕ್ಕೆ ತಿರುಗಿ ಕಾದರು. "ಇದು ಐಟಂ ಅಲ್ಲ, ನಿಜವಾಗ್ಲೂ ಹೋಗ್ಬಿಟ್ರು" ಎಂದು ಕಿರುಚಿದೆ. ಚಪ್ಪಾಳೆ! ಈ ವರ್ಷ ಆಕ್ಟಿಂಗ್ ಇನ್ನೂ ಚೆನ್ನಾಗಿದೆ ಎಂದರಂತೆ. ಕಮಿಟಿ ಅಧ್ಯಕ್ಷರು ಸ್ಟೇಜಿನ ಪಕ್ಕ ಬಂದು "ಮೇಡಂ, ತುಂಬಾ ಎಳೀತಿದೀರ, ಕರೀರಿ ಅವರನ್ನ" ಎಂದು ಪಿಸುಗುಟ್ಟಿದರು. ನಾನು ನಿಂತಲ್ಲೇ ನಿಂತೆ. ಕೂಗು ಹೆಚ್ಚಾಯಿತು. ಆಗ ಪೆಂಡಾಲಿನ ಹಿಂದಿನಿಂದ ನೀವು ಬಂದಿರಿ.

ನಿಮ್ಮ ಕೋಟು, ನಿಮ್ಮ ಟೋಪಿ, ನಿಮ್ಮ ಹಾಗೇ ಎಡಗಾಲು ತುಸು ಎಳೆದ ನಡಿಗೆ. ಒಂದು ಕ್ಷಣ ನಾನೂ ನಂಬಿಬಿಟ್ಟೆ. ಹತ್ತಿರ ಬಂದಾಗ ಈರಣ್ಣ. ಕಾರ್ಯಕ್ರಮ ಕೈಬಿಟ್ಟು ಹೋಗುತ್ತಿದೆ ಎಂದು ಬಟ್ಟೆ ಪೆಟ್ಟಿಗೆ ತೆರೆದಿದ್ದರು. ನನ್ನ ಕೈಯ ಮೈಕ್ ಇಸಿದುಕೊಂಡು, ನಿಮ್ಮದೇ ದನಿಯಲ್ಲಿ, "ಇದ್ದಾಗ ಒಂದು ಚೊಲೋ ಮಾತು..." ಜನ ಕುಣಿದಾಡಿದರು. ನಾನೇನು ಮಾಡಿದೆ? ಮೈಕ್ ಕಿತ್ತುಕೊಳ್ಳಲಿಲ್ಲ, ಇಳಿದು ಹೋಗಲಿಲ್ಲ. ನನ್ನ ಪಾಲಿನ ಮಾತು ಬಂದಾಗ ನನ್ನ ಪಾಲಿನ ಮಾತು ಹೇಳಿದೆ.

ಮನೆಗೆ ಬಂದು ಜಗಳವಾದರೂ ಆಡಬೇಕಿತ್ತು, ಆಡಲಿಲ್ಲ. ಎರಡು ಸೀಸನ್ ಹಾಗೇ ನಡೆಸಿದೆವು, ಕಾಕಾ. ಹೌದು, ಎರಡು. ನಾನು ಸಾಯಿಸುವುದು, ಈರಣ್ಣ ನೀವಾಗಿ ಎದ್ದುಬರುವುದು. ಮನೆಯಲ್ಲಿ ನಿಮ್ಮ ಹೆಸರು ಎತ್ತುತ್ತಿರಲಿಲ್ಲ. ಈರಣ್ಣನಿಗೆ ತುತ್ತು ಕೊಟ್ಟು ಸಾಕಿದ ಚಿಕ್ಕಪ್ಪ ನೀವು. ಅವರು ನಿಮಗಾಗಿ ಒಂದು ಹನಿ ಅತ್ತದ್ದನ್ನು ನಾನು ನೋಡಲಿಲ್ಲ. ಯಾವಾಗ ಅಳಬೇಕು ಪಾಪ, ಸಂಜೆಯಾದರೆ ನೀವಾಗಿ ನಗಿಸಬೇಕಿತ್ತು. ಗಂಡನನ್ನು ಬೈಯುವ ಮುಖ ನನಗಿರಲಿಲ್ಲ, ನನ್ನನ್ನು ಬೈಯುವ ಮುಖ ಅವರಿಗಿರಲಿಲ್ಲ.

ಮೊನ್ನೆ ಮೊನ್ನೆ ಉತ್ತರಹಳ್ಳಿಯಲ್ಲಿ ನಾನು ಎಂದಿನಂತೆ ಗದ್ಗದಿತಳಾಗಿ ಜನರನ್ನು ನಿಲ್ಲಿಸಿದೆ. ಹಿಂದಿನಿಂದ ಯಾರೂ ಬರಲಿಲ್ಲ. ಈರಣ್ಣ ಪಕ್ಕದ ಮೆಟ್ಟಿಲಿನಿಂದ, ತಮ್ಮದೇ ಅಂಗಿಯಲ್ಲಿ ಹತ್ತಿ ಬಂದರು. "ನಮ್ಮ ಕಾಕಾ ತೀರಿಕೊಂಡು ಎರಡು ವರ್ಷ ಆಯ್ತು. ಅವರು ಬರಲ್ಲ. ನಾನು ಅವರಲ್ಲ" ಎಂದಷ್ಟೇ ಹೇಳಿ ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿದರು. ಜನ ಸುಮ್ಮನಾಗಿಬಿಟ್ಟರು ಎಂದು ಬರೆಯಲು ನನಗೂ ಆಸೆ. ಇಲ್ಲ, ಕಾಕಾ. "ಏನ್ ಮಗಾ ಇದು, ಐಟಂ ಹಾಕ್ರೋ" ಎಂದು ಕೂಗಿದರು, ಕುರ್ಚಿ ಬಡಿದರು. ಕಮಿಟಿಯವರು ಸೌಂಡ್ ಆಫ್ ಮಾಡಿಸಿ ಕ್ಯಾಸೆಟ್ ಹಾಕಿಸಿ, ನಮ್ಮನ್ನು ಇಳಿಸಿದರು. ಮುಂದಿನ ವಾರದ ಎರಡು ಕಡೆಯವರೂ ಬೇಡವೆಂದಿದ್ದಾರೆ. ಮುಂದೆ ನಮ್ಮ ಕಸುಬು ಉಳಿಯುತ್ತದೋ ಇಲ್ಲವೋ ತಿಳಿಯದು.

ಟೆಂಪೋದಲ್ಲಿ ಸಾಮಾನು ತುಂಬಿಕೊಂಡು ಹೊರಟಾಗ ಇನ್ನೂ ಅಂಗಡಿಗಳೆಲ್ಲ ತೆರೆದಿದ್ದವು. ಒಂದು ಬೇಕರಿಯ ಮುಂದೆ ಈರಣ್ಣ ಟೀ ಕುಡಿಯೋಣವೆಂದು ಇಳಿದರು. ಇಳಿದವರು ಒಳಗೆ ಹೋಗಲಿಲ್ಲ. ಟೆಂಪೋದ ಬಾಗಿಲು ಹಿಡಿದು ನಿಂತು, ಬೆಂಗಳೂರಿಗೆ ಬಂದಮೇಲೆ ನಿಮ್ಮ ವೇಷದಲ್ಲಲ್ಲದೆ ಹೊರಗಡೆ ಎಂದೂ ಆಡದ ನಿಮ್ಮೂರಿನ ಮಾತಿನಲ್ಲಿ, "ವಿಜಯಾ, ಕಾಕಾ ಸತ್ತಹೋದನಲ್ಲ" ಎಂದರು. ಆಮೇಲೆ ರಸ್ತೆಯೇ ತಿರುಗಿ ನೋಡುವ ಹಾಗೆ ಅತ್ತರು. ಬೇಕರಿಯಾತ ನೀರು ಹಿಡಿದು ಓಡಿಬಂದ.

"ಏನಾಯ್ತಕ್ಕ?"

"ಅವರ ಚಿಕ್ಕಪ್ಪ ಹೋಗ್ಬಿಟ್ರು."

"ಅಯ್ಯೋ, ಯಾವಾಗ?"

"ಈಗ ತಾನೇ" ಎಂದೆ. ಸುಳ್ಳು ಹೇಳಿದೆ ಎಂದು ನನಗೆ ಅನ್ನಿಸಲಿಲ್ಲ.

ಅದಾಗಿ ನಾಲ್ಕು ದಿನವಾಯಿತು, ಕಾಕಾ. ಈರಣ್ಣ ಇನ್ನೂ ಆಗಾಗ ಗೋಡೆಗೆ ಒರಗಿ ಅಳುತ್ತಾರೆ. ಅಕ್ಕಪಕ್ಕದವರು ಬಂದು "ಸಮಾಧಾನ ಮಾಡಿ" ಎನ್ನುತ್ತಾರೆ. ನಾನು ಮಾಡುತ್ತಿಲ್ಲ.

ನಿಮ್ಮ ಸೊಸೆ,
ವಿಜಯಾ