ಮಕ್ಕಳನ್ನು ತಿನ್ನುವ ಮುದುಕಿ

ರಾಜೀವನಗರ, ಮೈಸೂರು

ನಿರ್ದೇಶಕ ನಿಶಾಂತ್ ಅವರಿಗೆ,

ನಿನ್ನೆ ನಿಮ್ಮ ಅನಿಮೇಷನ್ ಚಿತ್ರದ ಪ್ರಿವ್ಯೂಗೆ ನನ್ನ ಅಜ್ಜಿಯನ್ನು ಕರೆತಂದಿದ್ದೆ. ಮೊಮ್ಮಗಳು ಕೈಯಾರೆ ಬರೆದ ಚಿತ್ರಗಳನ್ನು ಪರದೆಯ ಮೇಲೆ ನೋಡಲು ಅವರು ಹೊಸ ಸೀರೆ ಉಟ್ಟಿದ್ದರು.

ನಮ್ಮ ಬೀದಿಯನ್ನೂ ಅಜ್ಜಿಯನ್ನೂ ನನ್ನಿಂದ ಬರೆಸಿಕೊಂಡಾಗ, ಸೂಪರ್‌ಹೀರೋ ಹುಟ್ಟುವುದೇ ಅಲ್ಲಿ ಎಂದಿದ್ದಿರಿ. ಅಲ್ಲಿ ನೋಡಿದರೆ ಅದು ಕಾಲವೇ ದಾರಿತಪ್ಪಿ ಹುಟ್ಟಿದ ಇನ್ನೊಂದು ಕತ್ತಲ ಲೋಕ. ಬಂಗಲೆಯಿಂದ ಹಾರಿಬರುವ ನಿಮ್ಮ ಹೀರೋ ಬೀದಿಯನ್ನು ಸುಟ್ಟು ಜಗತ್ತನ್ನು ಸರಿಮಾಡುತ್ತಾನೆ. ಆ ಬೀದಿಯಲ್ಲಿ ಮಕ್ಕಳನ್ನು ತಿನ್ನುವ ಮುದುಕಿಯೊಬ್ಬಳು; ಅವಳಿಗೆ ನನ್ನ ಅಜ್ಜಿಯ ಮುಖ. ಎಂಥ ಕಲ್ಪನೆ! ಇನ್ನೊಂದು ಲೋಕವನ್ನೇ ಊಹಿಸಲು ಕೂತವರಿಗೆ ಕೆಟ್ಟದ್ದಾಗಿ ಕಂಡದ್ದು ಬಡವರ ಓಣಿಯೊಂದೇ.

ಅಜ್ಜಿ ಇಪ್ಪತ್ತೆಂಟು ವರ್ಷ ಅಂಗನವಾಡಿಯಲ್ಲಿ ಮಕ್ಕಳಿಗೆ ಅಡುಗೆ ಮಾಡಿ ಬಡಿಸಿದವರು. "ಅದು ನಾನೇ ಅಲ್ವೇನವ್ವ? ನಾನ್ಯಾವ್ ಮಗೀನ ತಿಂದ್ಬುಟ್ಟೆ?" ಎಂದು ನನ್ನನ್ನು ಕೇಳಿದರು. ನಾನು ನಿಮ್ಮನ್ನು ಕೇಳಿದೆ. "ಮುಖದಲ್ಲಿ ಒಳ್ಳೆ ಪವರ್ ಇದೆ ಕಣಮ್ಮ, ಖುಷಿಪಡು" ಎಂದು ನಕ್ಕಿರಿ.

ನಾಳೆಯಿಂದ ನಾನು ಕೆಲಸಕ್ಕೆ ಬರುವುದಿಲ್ಲ. ನನ್ನ ಹೆಸರನ್ನೂ ಅಜ್ಜಿಯ ಮುಖವನ್ನೂ ಚಿತ್ರದಿಂದ ತೆಗೆಯಿರಿ. ಮುದುಕಿಗೆ ಬೇರೆ ಮುಖ ಹುಡುಕುವ ಕಷ್ಟ ನಿಮಗೆ ಬೇಡವೆಂದು ನಿಮ್ಮದನ್ನೇ ಬರೆದು ಇದರ ಜೊತೆ ಇಟ್ಟಿದ್ದೇನೆ. ಹೆಚ್ಚೇನೂ ತಿದ್ದಬೇಕಾಗಲಿಲ್ಲ.

ಪುಟ್ಟಲಿಂಗಮ್ಮನವರ ಮೊಮ್ಮಗಳು,
ನಯನಾ